ಯಂತ್ರೋಪದೇಶವೂ ಸ್ವಂತ ಕಿವಿಯೂ

೧

ವಿದ್ಯೆಯನ್ನು ಕೊಡತಕ್ಕವರು ಯಾರು ಎಂಬ ಪ್ರಶ್ನೆಗಿಂತಲೂ, ವಿದ್ಯೆ ಬಂದಿತೆಂದು ನಿರ್ಣಯಿಸತಕ್ಕವರು ಯಾರು ಎಂಬ ಪ್ರಶ್ನೆ ಕಠಿನವಾದುದು. ಲೆಕ್ಕದಲ್ಲಿ ತಾಳೆ ನೋಡಿದರೆ ತಪ್ಪು ತಾನಾಗಿ ಹೊರಬೀಳುವುದು. ಈಜಿನಲ್ಲಿ ನೀರೇ ಪರೀಕ್ಷಕ. ಸಂಗೀತದಲ್ಲಾದರೋ ಸಾಕ್ಷಿಯೂ ಪರೀಕ್ಷಕನೂ ಕಿವಿಯೊಂದೇ. ಆ ಕಿವಿ ಮೊದಲು ಗುರುವಿನದು, ಬಳಿಕ ಶಿಷ್ಯನದು. ಗುರುವಿನ ಕಿವಿ ಸ್ವಲ್ಪ ಸ್ವಲ್ಪವಾಗಿ ಶಿಷ್ಯನ ಕಿವಿಯಾಗಿ ಮಾರ್ಪಡುವ ಕಾಲಕ್ಕೇ ಅಭ್ಯಾಸಕಾಲವೆಂದು ಹೆಸರು. ಈಗ್ಗೆ ಕೆಲವು ವರ್ಷಗಳಿಂದ ಈ ಇಬ್ಬರ ನಡುವೆ ಮೂರನೆಯ ಕಿವಿಯೊಂದು ಬಂದು ಕುಳಿತಿರುವುದು. ಅದು ಯಂತ್ರದ ಕಿವಿ.

ಪಿಯಾನೊ ಅಥವಾ ಕೀಬೋರ್ಡನ್ನು ಕಲಿಯಲೆಳಸುವ ಬಾಲಕನು ಇಂದು ಗುರುವಿನ ಮನೆಗೆ ಹೋಗಲೇಬೇಕೆಂಬ ನಿಯಮವಿಲ್ಲ. ವಾದ್ಯದ ಮುಂದೆ ಒಂದು ಮೊಬೈಲನ್ನೋ ಟ್ಯಾಬ್ಲೆಟ್ಟನ್ನೋ ನಿಲ್ಲಿಸಿಕೊಂಡರಾಯಿತು. ತೆರೆಯ ಮೇಲಿಂದ ಬಣ್ಣದ ಗೆರೆಗಳು ಒಂದೊಂದಾಗಿ ಇಳಿದುಬರುತ್ತವೆ. ಯಾವ ಗೆರೆ ಯಾವ ಪಟ್ಟಿಯ ಮೇಲೆ ಬಿದ್ದಿತೋ ಆ ಪಟ್ಟಿಯನ್ನು ಒತ್ತಬೇಕು. ಸರಿಯಾಗಿ ಒತ್ತಿದರೆ ಹಸುರು ದೀಪ, ತಪ್ಪಿದರೆ ಕೆಂಪು. ಸರಿಯಾದ ಸ್ವರ ಬರುವವರೆಗೆ ಹಾಡು ಕಾದು ನಿಲ್ಲುವ ಏರ್ಪಾಡೂ ಉಂಟು. ಕೆಲವು ವಾದ್ಯಗಳಲ್ಲಿ ಪಟ್ಟಿಗಳೇ ಬೆಳಗಿ ದಾರಿ ತೋರಿಸುತ್ತವೆ. ಪಾಠ ಮುಗಿದೊಡನೆ ನೂರಕ್ಕೆ ಇಷ್ಟು ಅಂಕವೆಂದೂ, ಇಷ್ಟು ನಕ್ಷತ್ರಗಳೆಂದೂ ಫಲ ಪ್ರಕಟವಾಗುವುದು. ಸಿಂಥೀಸಿಯಾ, ಸಿಂಪ್ಲಿ ಪಿಯಾನೊ, ಫ್ಲೋಕೀ, ಯೂಸಿಶಿಯನ್ ಮೊದಲಾದ ಹೆಸರುಗಳು ಇಂದಿನ ಮಕ್ಕಳಿಗೆ ಪರಿಚಿತವೇ. ಭಾಷಾಪಾಠಕ್ಕೆ ಹೆಸರಾದ ಡುಯೊಲಿಂಗೊ ಕೂಡ ೨೦೨೩ರಲ್ಲಿ ಸಂಗೀತಪಾಠವನ್ನು ತನ್ನ ಪಾಠಗಳ ಸಾಲಿಗೆ ಸೇರಿಸಿಕೊಂಡಿತು.

ಇದರಿಂದ ಕಲಿಕೆ ಸುಲಭವಾಯಿತೆಂಬುದರಲ್ಲಿ ಸಂಶಯವಿಲ್ಲ. ಸುಲಭವಾದುದರಿಂದಲೇ ಅದು ಕೆಟ್ಟದೆಂದು ಹೇಳುವುದು ಸೋಮಾರಿಗಳ ವಿಮರ್ಶೆ. ವಿಚಾರ ಮಾಡತಕ್ಕ ಪ್ರಶ್ನೆ ಬೇರೆ: ತನ್ನ ತಪ್ಪನ್ನು ತಾನು ಕೇಳುವ ಮೊದಲೇ ಇನ್ನೊಂದು ವಸ್ತು ಕೇಳಿ ಹೇಳಿಬಿಡುವುದಾದರೆ, ಕಲಿಯುವವನಲ್ಲಿ ಬೆಳೆಯಬೇಕಾದ ವಿವೇಕ ಬೆಳೆಯುವುದೆಲ್ಲಿ? ಬೆಳೆಯದಿದ್ದರೆ, ಹಾಗೆ ಕಲಿಸಿದವರು ಶಿಷ್ಯನಿಗೆ ಉಪಕಾರ ಮಾಡಿದಂತಾಯಿತೋ, ಅವನಿಗೆ ಸಲ್ಲತಕ್ಕ ಒಂದು ಸೊತ್ತನ್ನು ತಡೆಹಿಡಿದಂತಾಯಿತೋ?

೨

ಪ್ರಶ್ನೆ ಹೊಸದರಂತೆ ಕಂಡರೂ ಇದರ ಬೇರು ಹಳೆಯದು. ಫ್ರಾನ್ಸಿನ ರಾಜಮನೆತನದ ಮಕ್ಕಳಿಗೆ ಹಾರ್ಪ್ಸಿಕಾರ್ಡ್ ವಾದ್ಯವನ್ನು ಕಲಿಸಿದ ಫ್ರಾನ್ಸ್ವಾ ಕೂಪರಾಂ ಎಂಬ ವಿದ್ವಾಂಸನು ೧೭೧೬ರಲ್ಲಿ ಆ ವಾದ್ಯವನ್ನು ನುಡಿಸುವ ಕಲೆಯ ಮೇಲೊಂದು ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಎರಡು ಸಾಧನಗಳ ಪ್ರಸ್ತಾಪವಿದೆ. ಎರಡೂ ಈ ವಿಚಾರಕ್ಕೆ ಬಹಳ ಉಪಯುಕ್ತವಾದುವು.

ಮೊದಲನೆಯದು ಬೀಗದ ಕೈ. ಮೊದಮೊದಲ ಪಾಠಗಳ ಕಾಲದಲ್ಲಿ ಮಕ್ಕಳು ಗುರುವಿಲ್ಲದಾಗ ಅಭ್ಯಾಸ ಮಾಡಬಾರದೆಂಬುದು ಅವನ ಮತ. ಎಳೆಯ ಮಕ್ಕಳ ಮನಸ್ಸು ಚಂಚಲ. ಕೈಯನ್ನು ಇಟ್ಟಂತೆಯೇ ಇಡುವಷ್ಟು ಎಚ್ಚರ ಅವರಿಗಿರದು. ಮುಕ್ಕಾಲು ಗಂಟೆ ಶ್ರಮಪಟ್ಟು ತಿದ್ದಿದುದನ್ನು ಅವರು ಕ್ಷಣಮಾತ್ರದಲ್ಲಿ ಕೆಡಿಸಿಕೊಂಡಾರು. ಈ ಕಾರಣದಿಂದ ಪಾಠ ಮುಗಿದೊಡನೆ ಅವನು ವಾದ್ಯಕ್ಕೆ ಬೀಗ ಹಾಕಿ ಬೀಗದ ಕೈಯನ್ನು ತಾನೇ ಒಯ್ಯುತ್ತಿದ್ದನಂತೆ. ಎರಡನೆಯದು ಕನ್ನಡಿ. ನುಡಿಸುವಾಗ ಮುಖವನ್ನು ಸೊಟ್ಟಗೆ ಮಾಡುವ ಚಾಳಿಯಿದ್ದವರು ವಾದ್ಯದ ಮೇಲಣ ಪುಸ್ತಕದ ಹಲಗೆಯಲ್ಲಿ ಕನ್ನಡಿಯನ್ನಿಟ್ಟುಕೊಂಡು ತಮ್ಮನ್ನು ತಾವೇ ತಿದ್ದಿಕೊಳ್ಳಬಹುದೆಂದು ಅವನು ಹೇಳಿದ್ದಾನೆ.

ಬೀಗದ ಕೈ ಮತ್ತು ಕನ್ನಡಿ, ಇವೆರಡನ್ನೂ ಒಬ್ಬನೇ ಗುರು ಒಂದೇ ಗ್ರಂಥದಲ್ಲಿ ವಿಧಿಸಿದುದು ಗಮನಾರ್ಹ. ಬೀಗದ ಕೈ ಶಿಷ್ಯನನ್ನು ನಂಬದು, ಕನ್ನಡಿ ನಂಬುವುದು. ಆದರೆ ಇವು ಪರಸ್ಪರ ವಿರುದ್ಧವೂ ಅಲ್ಲ. ತಪ್ಪನ್ನು ಕಾಣುವ ಶಕ್ತಿ ಇನ್ನೂ ಹುಟ್ಟದವನಿಗೆ ಬೀಗ, ಕಾಣಬಲ್ಲವನಿಗೆ ಕನ್ನಡಿ. ಇಂದಿನ ಉಪಕರಣಗಳು ಆ ಬೀಗವನ್ನು ತೆಗೆದುಹಾಕಿವೆ. ವಾದ್ಯ ಹಗಲೂ ರಾತ್ರಿಯೂ ತೆರೆದಿದೆ. ಗುರು ಎದುರಿಗಿಲ್ಲದಾಗಲೂ ಪಾಠ ನಡೆಯುತ್ತದೆ. ಬೀಗ ಹೋದ ಸ್ಥಳದಲ್ಲಿ ಅವು ಕನ್ನಡಿಯನ್ನಿಟ್ಟಿವೆಯೋ, ಮತ್ತೇನನ್ನಾದರೂ ಇಟ್ಟಿವೆಯೋ ಎಂಬುದೇ ಪರಿಶೀಲಿಸಬೇಕಾದ ಸಂಗತಿ.

ಕೂಪರಾಂನ ತರುವಾಯ ಒಂದು ಶತಮಾನ ಕಳೆದ ಮೇಲೆ ಮೂರನೆಯ ಬಗೆಯ ಸಾಧನವೊಂದು ಬಂದಿತು. ಲೋಜಿಯೆ ಎಂಬ ಸಂಗೀತೋಪಾಧ್ಯಾಯನು ೧೮೧೪ರಲ್ಲಿ ಕೈರೋಪ್ಲಾಸ್ಟ್ ಎಂಬ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಪಿಯಾನೊವಿನ ಪಟ್ಟಿಗಳ ಮುಂದೆ ಕೂರಿಸುವ ಒಂದು ಚೌಕಟ್ಟು ಅದು: ಮಣಿಕಟ್ಟು ಮೇಲೆ ಕೆಳಗೆ ಅಲುಗದಂತೆ ಎರಡು ಅಡ್ಡಪಟ್ಟಿಗಳು, ಬೆರಳುಗಳು ತಂತಮ್ಮ ಸ್ಥಾನ ಬಿಡದಂತೆ ಒಂದೊಂದಕ್ಕೂ ಒಂದೊಂದು ಗೂಡು. ಇದರ ನೆರವಿನಿಂದ ಅವನು ಅನೇಕ ವಿದ್ಯಾರ್ಥಿಗಳನ್ನು ಅನೇಕ ಪಿಯಾನೊಗಳ ಮುಂದೆ ಕೂರಿಸಿ ಏಕಕಾಲದಲ್ಲಿ ಪಾಠ ಹೇಳಿದನು. ಒಬ್ಬ ಗುರುವಿಗೆ ಒಬ್ಬ ಶಿಷ್ಯನೆಂಬ ಲೆಕ್ಕ ತಪ್ಪಿ, ವಿದ್ಯೆ ಹಲವರಿಗೆ ದೊರಕಿತು. ಲಂಡನ್ನಿನ ಸಂಗೀತಗಾರರು ಪರವಾಗಿಯೂ ವಿರೋಧವಾಗಿಯೂ ಕರಪತ್ರಗಳನ್ನು ಬರೆದು ಜಗಳವಾಡಿದರು. ಕೊನೆಗೆ ಆ ಚೌಕಟ್ಟು ಬಳಕೆಯಿಂದ ಹೋಯಿತು; ಗುಂಪಿಗೆ ಪಾಠ ಹೇಳುವ ಪದ್ಧತಿ ಉಳಿಯಿತು. ಬೆರಳುಗಳಿಗೆ ಬಲ ತರಿಸುವ ಯಂತ್ರಗಳ ಹುಚ್ಚು ಆ ಕಾಲದಲ್ಲಿ ದೊಡ್ಡವರನ್ನೂ ಬಿಟ್ಟಿರಲಿಲ್ಲ. ರಾಬರ್ಟ್ ಶೂಮನ್ ಯೌವನದಲ್ಲಿ ಅಂಥದೊಂದು ಸಾಧನವನ್ನು ಬಳಸಿದನು. ಅವನ ಬಲಗೈಯ ಬೆರಳು ಸ್ವಾಧೀನ ತಪ್ಪಿ ಪಿಯಾನೊವಾದಕನಾಗುವ ಆಸೆಯನ್ನೇ ಬಿಡಬೇಕಾಯಿತು. ಅದಕ್ಕೆ ಯಂತ್ರವೇ ಕಾರಣವೆಂದು ಕೆಲವರೂ ಬೇರೆ ರೋಗ ಕಾರಣವೆಂದು ಕೆಲವರೂ ಹೇಳುವರು. ಹೇಗಿದ್ದರೂ, ಮೈಗೆ ಹೊರಗಿನಿಂದ ಕಟ್ಟಿದ ಶಿಸ್ತು ಮೈಯ ಒಳಗಿನ ಶಿಸ್ತಾಗಿ ತಾನಾಗಿಯೇ ಬದಲಾಗುವುದಿಲ್ಲವೆಂಬ ತಿಳಿವಳಿಕೆ ಆ ಪೀಳಿಗೆಗೆ ಉಂಟಾಯಿತು.

೩

ಯಂತ್ರದ ಕಿವಿಗೆ ಏನು ಕೇಳಿಸುತ್ತದೆ ಎಂಬುದನ್ನು ಮೊದಲು ಅರಿಯಬೇಕು. ಬೇರೆ ಬೇರೆ ಕಂಪನಿಗಳ ವಿದ್ಯುನ್ಮಾನ ವಾದ್ಯಗಳು ಒಂದರೊಡನೊಂದು ಮಾತನಾಡುವಂತೆ ೧೯೮೩ರಲ್ಲಿ ಒಂದು ಸಂಕೇತಪದ್ಧತಿ ಬಳಕೆಗೆ ಬಂದಿತು; ಅದಕ್ಕೆ ಮಿಡಿ ಎಂದು ಹೆಸರು. ವಾದ್ಯದ ಪಟ್ಟಿಯೊಂದನ್ನು ಒತ್ತಿದಾಗ ಈ ಪದ್ಧತಿಯಲ್ಲಿ ಮೂರು ಸಂಗತಿಗಳು ದಾಖಲಾಗುತ್ತವೆ: ಯಾವ ಪಟ್ಟಿ, ಎಷ್ಟು ವೇಗದಿಂದ ಕೆಳಗಿಳಿಯಿತು, ಯಾವಾಗ ಮೇಲೆದ್ದಿತು. ವೇಗವನ್ನು ೧ರಿಂದ ೧೨೭ರವರೆಗಿನ ಒಂದು ಅಂಕಿಯಿಂದ ಸೂಚಿಸುವರು. ಕಲಿಕೆಯ ಉಪಕರಣಗಳಿಗೆ ಇಷ್ಟೇ ಬಂಡವಾಳ. ೧೯೯೦ರಲ್ಲಿ ಮಕ್ಕಳ ಆಟದ ಯಂತ್ರಕ್ಕೆ ಕೀಬೋರ್ಡನ್ನು ಜೋಡಿಸಿ ಪಾಠ ಹೇಳುವ ಮಿರಕಲ್ ಎಂಬ ಸಾಮಗ್ರಿ ಬಂದುದು ಈ ಪದ್ಧತಿಯ ಬಲದಿಂದಲೇ. ಸಂಕೇತದ ತಂತಿಯಿಲ್ಲದ ವಾದ್ಯವಾದರೆ ಮೊಬೈಲಿನ ಮೈಕು ಧ್ವನಿಯನ್ನು ಕೇಳಿ ಸ್ವರವನ್ನು ಗುರುತಿಸುತ್ತದೆ. ಆಗ ಯಂತ್ರಕ್ಕೆ ದೊರೆಯುವ ವಿವರ ಇನ್ನೂ ಕಡಿಮೆ.

ಒತ್ತಿದುದು ಹೆಬ್ಬೆರಳೋ ಕಿರುಬೆರಳೋ ಎಂಬುದು ಈ ದಾಖಲೆಯಲ್ಲಿಲ್ಲ. ಹೆಗಲು ಬಿಗಿದಿದೆಯೇ, ಮಣಿಕಟ್ಟು ಕುಸಿದಿದೆಯೇ, ಉಸಿರು ಹಿಡಿದಿದೆಯೇ ಎಂಬುದಿಲ್ಲ. ಬಾಲಕನು ತೆರೆಯನ್ನು ನೋಡಿ ಒತ್ತಿದನೋ, ಮುಂದಿನ ಸ್ವರ ಮನಸ್ಸಿನಲ್ಲಿ ಮೊದಲೇ ಮೊಳಗಿ ಒತ್ತಿದನೋ ಎಂಬುದಂತೂ ಇಲ್ಲವೇ ಇಲ್ಲ. ಕಲಿಸುವವರಾದರೋ ಮೊದಲು ನೋಡುವುದು ಇವುಗಳನ್ನೇ. ಯೋಹಾನ್ ಸೆಬಾಸ್ಟಿಯನ್ ಬಾಖನು ೧೭೨೦ರಲ್ಲಿ ಒಂಬತ್ತು ವರ್ಷದ ತನ್ನ ಹಿರಿಯ ಮಗನಿಗಾಗಿ ಒಂದು ಪಾಠದ ಪುಸ್ತಕವನ್ನು ಬರೆಯತೊಡಗಿದಾಗ, ಸ್ವರಲಿಪಿಯ ಪರಿಚಯವೂ ಅಲಂಕಾರಗಳ ಪಟ್ಟಿಯೂ ಮುಗಿದೊಡನೆ ಬರೆದ ಪುಟ್ಟ ಪಾಠದಲ್ಲಿ ಬೆರಳಿನ ಅಂಕಿಗಳನ್ನು ತಾನೇ ಗುರುತಿಸಿಕೊಟ್ಟನು. ಆ ಪುಸ್ತಕದಲ್ಲಿ ಮೊದಲು ಕಾಣಿಸಿಕೊಂಡ ಎರಡೆಳೆಯ ಹಾಗೂ ಮೂರೆಳೆಯ ರಚನೆಗಳನ್ನು ೧೭೨೩ರಲ್ಲಿ ತಿದ್ದಿ ಬರೆದಾಗ, ಅವುಗಳ ಉದ್ದೇಶವನ್ನು ಮುಖಪುಟದಲ್ಲಿ ವಿವರಿಸಿದನು: ಎರಡು ಎಳೆಗಳನ್ನು ಸ್ವಚ್ಛವಾಗಿ ನುಡಿಸಲು ಕಲಿಯುವುದು; ಮೂರು ಎಳೆಗಳನ್ನು ಸರಿಯಾಗಿ ನಿರ್ವಹಿಸುವುದು; ಎಲ್ಲಕ್ಕಿಂತ ಮಿಗಿಲಾಗಿ ಹಾಡಿದಂತೆ ನುಡಿಸುವ ರೀತಿಯನ್ನು ಸಾಧಿಸುವುದು; ಜೊತೆಗೆ ರಚನೆಯ ರುಚಿಯನ್ನೂ ಮುಂಚಿತವಾಗಿ ಪಡೆಯುವುದು. ಈ ನಾಲ್ಕರಲ್ಲಿ ಮೊದಲೆರಡನ್ನು ಯಂತ್ರವು ಬಹುಮಟ್ಟಿಗೆ ಪರೀಕ್ಷಿಸಬಲ್ಲುದು. ಎಲ್ಲಕ್ಕಿಂತ ಮಿಗಿಲೆಂದು ಬಾಖನು ಎಣಿಸಿದುದು ಮೂರನೆಯದು. ಅದಕ್ಕೆ ಕೆಂಪು ಹಸುರು ದೀಪಗಳಿಲ್ಲ.

೪

ಇಷ್ಟರಿಂದಲೇ ಯಂತ್ರವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಪರವಾಗಿ ಹೇಳತಕ್ಕ ಮಾತುಗಳು ಹಗುರವಾದುವಲ್ಲ.

ಮೊದಲನೆಯದು ದೊರಕುವಿಕೆಯ ಮಾತು. ಪಿಯಾನೊ ಸಿರಿವಂತರ ವಾದ್ಯವಾಗಿಯೇ ಬೆಳೆಯಿತು. ಕೂಪರಾಂ ಬೀಗದ ಕೈಯನ್ನು ಒಯ್ಯಬಲ್ಲವನಾದುದು ಮರುದಿನ ತಾನೇ ಬಂದು ಬೀಗ ತೆಗೆಯುವ ಅನುಕೂಲ ರಾಜಗೃಹದಲ್ಲಿ ಇದ್ದುದರಿಂದ. ಕಲಿಸುವವರು ಎಪ್ಪತ್ತು ಮೈಲಿ ದೂರದಲ್ಲಿರುವ ತಾಲ್ಲೂಕಿನ ಊರಿನ ಬಾಲಿಕೆಗೆ ಹಾಗೆ ಬೀಗ ಹಾಕಿದರೆ ಅದು ಎಂದಿಗೂ ತೆರೆಯದ ಬೀಗವಾದೀತು. ಅಪೂರ್ಣವಾದ ಗುರು ಮತ್ತು ಪೂರ್ಣವಾದ ಗುರು ಇವರ ನಡುವೆ ಆರಿಸುವ ಭಾಗ್ಯ ಅವಳಿಗಿಲ್ಲ. ಅಪೂರ್ಣ ಗುರು ಮತ್ತು ಶೂನ್ಯ, ಇವುಗಳ ನಡುವೆ ಅವಳು ಆರಿಸಬೇಕು. ಇಂಥವಳ ಮುಂದೆ ಗುರುಕುಲದ ಮಹಿಮೆಯನ್ನು ಬಣ್ಣಿಸುವುದು ಹಸಿದವರ ಮುಂದೆ ಹಬ್ಬದಡುಗೆಯ ವರ್ಣನೆ ಮಾಡಿದಂತೆ.

ಎರಡನೆಯದು ಲಜ್ಜೆಯ ಮಾತು. ಯಂತ್ರವು ನಗುವುದಿಲ್ಲ, ಗದರುವುದಿಲ್ಲ, ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಹೊಡೆಯುವುದಿಲ್ಲ. ಒಂದೇ ತಪ್ಪನ್ನು ನೂರು ಸಲ ಮಾಡಿದರೂ ನೂರೊಂದನೆಯ ಸಲ ಅಷ್ಟೇ ಶಾಂತವಾಗಿ ಕಾಯುವುದು. ಅರುವತ್ತರ ಬಳಿಕ ಕಲಿಯಲೆಳಸುವ ಹಿರಿಯರಿಗೆ ಈ ಗುಣ ದೊಡ್ಡ ಉಪಕಾರ. ಗುರುವೆಂಬ ಪದಕ್ಕೆ ಎಷ್ಟೇ ಗೌರವವಿರಲಿ, ಮಾನವಗುರುಗಳ ಮುಂಗೋಪಕ್ಕೆ ಸಿಕ್ಕಿ ಸಂಗೀತವನ್ನೇ ತ್ಯಜಿಸಿದವರೂ ಲೋಕದಲ್ಲಿ ಉಂಟು.

ಮೂರನೆಯದು ಪೂರ್ವೋದಾಹರಣೆಯ ಮಾತು. ಮೇಲ್ಟ್ಸೆಲ್ ೧೮೧೫ರಲ್ಲಿ ಮೆಟ್ರೊನೋಮ್ ಎಂಬ ಕಾಲಮಾಪಕಕ್ಕೆ ಹಕ್ಕುಪತ್ರ ಪಡೆದ ಎರಡೇ ವರ್ಷಗಳಲ್ಲಿ ಬೇತೋವೆನ್ನನೇ ತನ್ನ ಸಿಂಫನಿಗಳಿಗೆ ಅದರ ಅಂಕಿಗಳನ್ನು ಪ್ರಕಟಿಸಿದನು. ಕನ್ನಡನಾಡಿನಲ್ಲಿಯೂ ಬೆಂಗಳೂರಿನಲ್ಲಿ ತಯಾರಾದ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಕಛೇರಿಯ ವೇದಿಕೆಯವರೆಗೂ ಏರಿತು. ಯಂತ್ರದ ಮಿಡಿತಕ್ಕೂ ಯಂತ್ರದ ಶ್ರುತಿಗೂ ಸಲ್ಲುವ ಮರ್ಯಾದೆ ಯಂತ್ರದ ಪಾಠಕ್ಕೆ ಮಾತ್ರ ಏಕೆ ಸಲ್ಲಬಾರದು?

೫

ಈ ಮೂರನೆಯ ಮಾತಿಗೆ ಉತ್ತರ ಹುಡುಕುವಾಗಲೇ ನಿಜವಾದ ಭೇದ ಕಣ್ಣಿಗೆ ಬೀಳುವುದು. ಶ್ರುತಿಪೆಟ್ಟಿಗೆ ಶ್ರುತಿಯನ್ನು ಹಿಡಿದುಕೊಂಡಿರುತ್ತದೆ. ಹಾಡುವವನು ಶ್ರುತಿಗೆ ಸೇರಿದನೋ ಇಲ್ಲವೋ ಎಂದು ಹೇಳುವುದಿಲ್ಲ. ಸೇರಿದನೆಂಬುದನ್ನು ಅವನೇ ಕೇಳಬೇಕು. ಮೆಟ್ರೊನೋಮ್ ಕೂಡ ಬಡಿಯುತ್ತಿರುತ್ತದೆ; ಕಾಲ ತಪ್ಪಿದವನನ್ನು ಹೆಸರುಗೊಂಡು ಕೂಗುವುದಿಲ್ಲ. ಅಳತೆಯನ್ನು ಒದಗಿಸುವುದು ಯಂತ್ರದ ಕೆಲಸ, ಅಳೆಯುವುದು ಮನುಷ್ಯನ ಕೆಲಸ, ಎಂಬ ವಿಭಾಗ ಅಲ್ಲಿ ಕೆಡಲಿಲ್ಲ. ಹೊಸ ಉಪಕರಣ ಅಳತೆಯನ್ನೂ ಕೊಡುತ್ತದೆ, ಅಳೆದೂ ಕೊಡುತ್ತದೆ.

ಅಳೆದು ಕೊಟ್ಟರೆ ನಷ್ಟವೇನು? ಕೈಚಳಕದ ಕಲಿಕೆಯನ್ನು ಪರಿಶೀಲಿಸಿದ ಮನಶ್ಶಾಸ್ತ್ರಜ್ಞರು ಇದಕ್ಕೊಂದು ಉತ್ತರ ಕೊಟ್ಟಿದ್ದಾರೆ. ಸಾಲ್ಮೊನಿ, ಸ್ಮಿಟ್, ವಾಲ್ಟರ್ ಎಂಬ ಮೂವರು ೧೯೮೪ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದರು. ಪ್ರತಿಯೊಂದು ಪ್ರಯತ್ನಕ್ಕೂ ಫಲಿತಾಂಶವನ್ನು ಒಡನೊಡನೆ ತಿಳಿಸುತ್ತಿದ್ದರೆ ಅಭ್ಯಾಸದ ವೇಳೆಯಲ್ಲಿ ಕೆಲಸ ಚೆನ್ನಾಗಿ ಸಾಗುವುದು. ಆದರೆ ಆ ನೆರವನ್ನು ತೆಗೆದ ಮೇಲೆ, ನೆರವು ಕಡಿಮೆಯಿದ್ದವರಿಗಿಂತ ಇವರು ಹಿಂದೆ ಬೀಳಬಹುದು. ಕಲಿಯುವವನು ಹೊರಗಿನ ಸೂಚನೆಗೆ ಒರಗಿಕೊಂಡು ತನ್ನ ಮೈಯೂ ಕಿವಿಯೂ ಕೊಡುವ ಸೂಚನೆಯನ್ನು ಗಮನಿಸದೆ ಹೋಗುವುದೇ ಕಾರಣವೆಂದು ಅವರು ಊಹಿಸಿದರು. ಈ ಪ್ರಯೋಗಗಳು ಹೆಚ್ಚಾಗಿ ಸರಳವಾದ ಚಲನೆಗಳನ್ನು ಕುರಿತವು. ಸಂಗೀತಕ್ಕೆ ಅವನ್ನು ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು. ಆದರೂ ನಡಿಗೆ ಕಲಿಯುವ ಮಗುವನ್ನು ಕೈಬಿಡದೆ ಹಿಡಿದವರೆಲ್ಲ ಬಲ್ಲ ಸಂಗತಿಯೇ ಇದು.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದುಂಟು. ತಪ್ಪು ಎಂದರೇನು ಎಂಬುದರ ಅರ್ಥವೇ ಮಾರ್ಪಡುತ್ತದೆ. ಯಂತ್ರಕ್ಕೆ ತಪ್ಪೆಂದರೆ ಬರೆದಿಟ್ಟುದಕ್ಕೂ ಬಾರಿಸಿದುದಕ್ಕೂ ಇರುವ ಅಂತರ. ಕೂಪರಾಂ ತನ್ನ ಗ್ರಂಥದಲ್ಲಿ, ತನ್ನ ದೇಶದವರು ಬರೆಯುವುದು ಒಂದು ಬಗೆ, ನುಡಿಸುವುದು ಇನ್ನೊಂದು ಬಗೆ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಸಮನಾಗಿ ಬರೆದ ಸಾಲುಸ್ವರಗಳನ್ನು ಅವರು ಒಂದು ಉದ್ದ ಒಂದು ಮೊಟಕಾಗಿ ನುಡಿಸುತ್ತಿದ್ದರು. ಆ ಸಂಪ್ರದಾಯವನ್ನು ಬಲ್ಲವನೊಬ್ಬನು ಇಂದು ತೆರೆಯ ಮುಂದೆ ಕುಳಿತು ಹಾಗೆ ನುಡಿಸಿದರೆ, ಬರೆದ ಕಾಲವನ್ನೇ ಪ್ರಮಾಣವಾಗಿ ಹಿಡಿದ ಯಂತ್ರವು ಅಂಕ ಕಳೆದೀತು. ಅರ್ಥಪೂರ್ಣವಾದ ವಿಳಂಬವೂ ಅಜಾಗರೂಕತೆಯ ವಿಳಂಬವೂ ಅಲ್ಲಿ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಮೊದಮೊದಲು ಇದರಿಂದ ಕೇಡಿಲ್ಲ. ಅಕ್ಷರ ತಿದ್ದುವವನಿಗೆ ಗೆರೆ ಬೇಕೇ ಬೇಕು. ಆದರೆ ಗೆರೆಯೇ ಅಕ್ಷರವೆಂದು ನಂಬಿ ಬೆಳೆದವನಿಗೆ ಸಂಗೀತವು ಆಜ್ಞಾಪಾಲನೆಯಾಗಿ ಉಳಿಯುತ್ತದೆ.

ಸಾಧನದ ಮಿತಿ ಕಲೆಯ ಮಿತಿಯಾಗಬಹುದೆಂಬ ಭಯ ಈ ದೇಶಕ್ಕೂ ಹೊಸದಲ್ಲ. ಹಾರ್ಮೋನಿಯಂ ಕೂಡ ಪಟ್ಟಿಗಳ ವಾದ್ಯವೇ. ಅದರ ಸ್ವರಗಳು ನೆಲೆನಿಂತವು. ಗಮಕಕ್ಕೆ ಅಲ್ಲಿ ಎಡೆಯಿಲ್ಲ. ಈ ಕಾರಣದಿಂದ ಆಕಾಶವಾಣಿ ೧೯೪೦ರಲ್ಲಿ ಅದನ್ನು ನಿಷೇಧಿಸಿತು. ೧೯೭೧ರಲ್ಲಿ ಆ ನಿಷೇಧ ಭಾಗಶಃ ಸಡಿಲವಾಯಿತು. ಅಷ್ಟರಲ್ಲಿ ಕನ್ನಡದ ನಾಟಕ ಕಂಪನಿಗಳಲ್ಲಿಯೂ ಭಜನೆಯ ಮನೆಗಳಲ್ಲಿಯೂ ಹಾರ್ಮೋನಿಯಂ ತನ್ನ ಸ್ಥಾನವನ್ನು ಬಿಡಲೇ ಇಲ್ಲ. ಒಳ್ಳೆಯ ಹಾರ್ಮೋನಿಯಂ ವಾದಕರ ಬೆರಳಿನಲ್ಲಿ ಇಲ್ಲದ ಗಮಕವೂ ಇದ್ದಂತೆ ಭಾಸವಾಗುವುದಕ್ಕೆ ಕಾರಣ, ಅವರ ಕಿವಿ ಆ ವಾದ್ಯದಿಂದ ಹುಟ್ಟಿದುದಲ್ಲ. ಹಾಡಿಕೆಯಿಂದ ಹುಟ್ಟಿ ವಾದ್ಯಕ್ಕೆ ಬಂದುದು. ಸಾಧನಕ್ಕಿಂತ ಕಿವಿ ಹಿರಿದಾಗಿದ್ದರೆ ಸಾಧನದ ಮಿತಿ ಬಾಧಿಸದು. ಕಿವಿ ಸಾಧನದಲ್ಲಿಯೇ ಹುಟ್ಟಿ ಅಲ್ಲಿಯೇ ನಿಂತರೆ ಬಾಧಿಸುವುದು.

೬

ಆದುದರಿಂದ ಉಪಕರಣಗಳನ್ನೆಲ್ಲ ಒಂದೇ ಹೆಸರಿನಿಂದ ಹೊಗಳುವುದೂ ಒಂದೇ ಹೆಸರಿನಿಂದ ತೆಗಳುವುದೂ ತಪ್ಪು. ಅವುಗಳಲ್ಲಿ ಮೂರು ಜಾತಿಗಳನ್ನು ವಿಂಗಡಿಸಬಹುದು. ಬೆಳಗುವ ಪಟ್ಟಿಗಳು, ಇಳಿಯುವ ಗೆರೆಗಳು, ಕಾದು ನಿಲ್ಲುವ ಹಾಡು, ಇವು ಕೈರೋಪ್ಲಾಸ್ಟಿನ ವಂಶದವು, ಅವು ಆಧಾರಗಳು. ಅಂಕ, ನಕ್ಷತ್ರ, ಕೆಂಪು ಹಸುರು, ಇವು ತೀರ್ಪುಗಳು. ಶಿಷ್ಯನು ನುಡಿಸಿದುದನ್ನು ಇದ್ದಂತೆ ಹಿಡಿದಿಟ್ಟು ಅವನಿಗೇ ತಿರುಗಿ ಕೇಳಿಸುವ ಧ್ವನಿಮುದ್ರಣ ಕೂಪರಾಂನ ಕನ್ನಡಿಯ ವಂಶದ್ದು. ಆಧಾರವು ಮೊದಲ ವಾರಗಳಲ್ಲಿ ಹಿತಕರ. ಕಳಚಿಹಾಕುವ ದಿನವನ್ನು ಮೊದಲೇ ಗೊತ್ತುಮಾಡಿರಬೇಕು. ತೀರ್ಪು ಮಿತವಾಗಿದ್ದರೆ ಔಷಧ, ನಿತ್ಯವಾದರೆ ಚಟ. ಕನ್ನಡಿಗೆ ಮಾತ್ರ ವಯಸ್ಸಿನ ಮಿತಿಯಿಲ್ಲ. ಆರಂಭದವನಿಗೂ ವಿದ್ವಾಂಸನಿಗೂ ಅದು ಸಮಾನವಾಗಿ ಸಲ್ಲುವುದು. ವಿಚಿತ್ರವೆಂದರೆ, ಪ್ರತಿಯೊಂದು ಮೊಬೈಲಿನಲ್ಲಿಯೂ ಬಿಟ್ಟಿಯಾಗಿ ದೊರೆಯುವ ಈ ಕನ್ನಡಿಯನ್ನು ಬಳಸುವವರು ಕಡಿಮೆ. ತನ್ನ ನುಡಿಸುವಿಕೆಯನ್ನು ತಾನೇ ಕೇಳುವುದು ಯಾರಿಗೂ ಪ್ರಿಯವಲ್ಲ. ನಕ್ಷತ್ರಗಳನ್ನು ಎಣಿಸುವುದು ಎಲ್ಲರಿಗೂ ಪ್ರಿಯ.

ಇಲ್ಲಿ ವ್ಯಾಪಾರದ ಅಂಶವನ್ನೂ ಮರೆಯಬಾರದು. ಪಾಠದ ಆ್ಯಪುಗಳಲ್ಲಿ ಅನೇಕವು ತಿಂಗಳಿಗೋ ವರ್ಷಕ್ಕೋ ಇಷ್ಟೆಂದು ಹಣ ಪಡೆದು ನಡೆಯತಕ್ಕವು. ಗುರುವೂ ವೇತನ ಪಡೆಯುವನು, ನಿಜ. ಆದರೆ ಶಿಷ್ಯನು ತನ್ನನ್ನು ಮೀರಿದ ದಿನ ಒಳ್ಳೆಯ ಗುರುವಿಗೆ ಹೆಮ್ಮೆ; ಬಿಟ್ಟುಹೋದ ಚಂದಾದಾರನು ವ್ಯಾಪಾರಿಗೆ ನಷ್ಟ. ಇಂದು ಸಾಕು, ಹೋಗಿ ಆಡಿಕೊ ಎಂದು ಗುರು ಹೇಳಬಲ್ಲನು. ಸತತವಾಗಿ ಇಷ್ಟು ದಿನ ತಪ್ಪದೆ ಬಂದೆ ಎಂದು ಎಣಿಸಿ ತೋರಿಸುವ ಯಂತ್ರವು ಹಾಗೆ ಹೇಳುವುದು ಅಪರೂಪ.

ಹೊಣೆ ಕೊನೆಗೆ ಬರುವುದು ಮನೆಯ ಹಿರಿಯರ ಮೇಲೆ. ಯಂತ್ರವನ್ನು ಕೊಂಡುಕೊಟ್ಟಲ್ಲಿಗೆ ಕರ್ತವ್ಯ ತೀರಿತೆಂದು ತಿಳಿಯುವುದು ಸುಲಭ. ಹಿರಿಯರಿಗೆ ಸಂಗೀತಶಾಸ್ತ್ರ ಬಾರದಿದ್ದರೂ ಮಾಡಬಹುದಾದ ಕೆಲಸಗಳುಂಟು. ವಾರಕ್ಕೊಮ್ಮೆ ತೆರೆಯನ್ನು ಆರಿಸಿ, ಹಾಡನ್ನು ಮೊದಲು ಬಾಯಲ್ಲಿ ಹೇಳಿಸಿ, ಬಳಿಕ ನುಡಿಸಲು ಹೇಳಬಹುದು. ಬಾಯಿಗೆ ಬಾರದುದು ಬೆರಳಿಗೆ ಬಂದಿದ್ದರೆ ಅದು ಕಣ್ಣಿನ ಅನುಕರಣವೇ ಹೊರತು ಕಿವಿಯ ವಿದ್ಯೆಯಲ್ಲವೆಂದು ತಿಳಿಯುವುದು. ಕೂಪರಾಂ ಕೂಡ ಕೆಲವು ರಚನೆಗಳು ಕೈಗೆ ಬಂದ ಮೇಲೆಯೇ ಮಕ್ಕಳಿಗೆ ಸ್ವರಲಿಪಿಯನ್ನು ಕಲಿಸಬೇಕೆಂದನು. ಪುಸ್ತಕವನ್ನು ನೋಡುತ್ತ ಕುಳಿತರೆ ಬೆರಳು ದಿಕ್ಕುತಪ್ಪುವುದೆಂದೂ, ಬಾಯಿಪಾಠದಿಂದ ನೆನಪು ಬಲಿಯುವುದೆಂದೂ ಅವನ ಕಾರಣ. ನುಡಿಸಿ ಮುಗಿಸಿದ ಮಗುವನ್ನು, ಅಂಕವೆಷ್ಟು ಬಂತೆಂದು ಕೇಳುವ ಬದಲು, ಎಲ್ಲಿ ಸರಿಬರಲಿಲ್ಲವೆಂದು ನಿನಗೆ ಅನಿಸಿತು ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ತಿಳಿದಿರಬೇಕಾದ ಅಗತ್ಯ ಕೇಳುವವರಿಗಿಲ್ಲ. ಮಗು ಒಂದು ಗಳಿಗೆ ತಡೆದು, ಮನಸ್ಸಿನಲ್ಲಿ ಹಾಡನ್ನು ಮತ್ತೆ ಕೇಳಿ, ಇಲ್ಲಿ ಎಂದು ಬೆರಳಿಟ್ಟು ತೋರಿಸಿದರೆ ಸಾಕು.

ತಾಲ್ಲೂಕಿನ ಊರಿನ ಬಾಲಿಕೆಯ ಮಾತು ಇಲ್ಲಿ ಮತ್ತೆ ವಿಚಾರಾರ್ಹ. ಅವಳಿಗೆ ಯಂತ್ರವನ್ನು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಯಂತ್ರದೊಡನೆ ಅವಳಿಗೆ ಸಲ್ಲಬೇಕಾದುದು ಇನ್ನೊಂದಿದೆ: ಒಂದು ದಿನ ಅದಿಲ್ಲದೆ ನುಡಿಸುವ ಅಧಿಕಾರ. ಅದು ಉಳ್ಳವರ ಮಕ್ಕಳಿಗೆ ಗುರುವಿನಿಂದಲೂ ಇಲ್ಲದವರ ಮಕ್ಕಳಿಗೆ ಅಂಕಗಳಿಂದಲೂ ತೀರಿಹೋಗುವ ಲೆಕ್ಕವಾಗಬಾರದು. ಯಾವ ಉಪಕರಣವು ತನ್ನ ಅಗತ್ಯವನ್ನು ತಾನೇ ತಗ್ಗಿಸಿಕೊಳ್ಳುತ್ತ ಹೋಗುವುದೋ ಅದನ್ನು ಗುರುಸಮಾನವೆಂದು ಗೌರವಿಸಲು ಅಡ್ಡಿಯಿಲ್ಲ. ಹಾಗೆ ತಗ್ಗಿಸಿಕೊಳ್ಳದ ಉಪಕರಣದಿಂದ ಆ ಕೆಲಸ ಮಾಡಿಸತಕ್ಕವರು ಅದನ್ನು ಮನೆಗೆ ತಂದವರು.